ರಜೆಗೆ ಊರಿಗೆ ಬಂದ ಮಕ್ಕಳಿಗೆ ನೀರು, ಸಿಡಿಲು, ನೆಂಟರ ಬಗ್ಗೆ ಏನು ಹೇಳ್ಬೇಕು, ಹೇಗೆ ಹೇಳ್ಬೇಕು

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಬಾಗ್ಲು ಹಾಕಿದ್ರೆ ಮತ್ತೆ ತೆಗಿಯೋದು ಮೇ ಕೊನೆಗೆ, ಅಲ್ಲೀವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮನೆಗಳಲ್ಲಿ ಮಕ್ಕಳದ್ದೇ ರಾಜ್ಯ. ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯಿಂದ ಮೊಮ್ಮಕ್ಕಳು ಬರ್ತಾರೆ, ಶಿರಸಿ ಕಡೆ ಮಕ್ಕಳು ಕುಮಟೆ ಕಾರವಾರಕ್ಕೆ ಇಳಿತಾರೆ, ಕೆಳಗಿನವರು ಘಟ್ಟ ಹತ್ತಿ ಅಜ್ಜನಮನೆ ಸೇರ್ತಾರೆ. ಬಸ್ಸಿಗೆ ಹತ್ತಿಸೋವಾಗ ಎಲ್ಲ ಅಪ್ಪ ಅಮ್ಮನೂ ಹೇಳೋದು ಅದೇ ಒಂದು ಮಾತು, "ಜೋಪಾನ ಹಾಂ, ನೀರಿಗೆಲ್ಲ ಇಳಿಬೇಡಿ". ಮಕ್ಕಳು ಹೂಂ ಅಂತಾರೆ. ಆ ಹೂಂ ಎಷ್ಟು ಹೊತ್ತು ಬಾಳ್ತದೆ ಅಂತ ನಮಗೆಲ್ಲ ಗೊತ್ತೇ ಉಂಟು.

ಹಿಂದಿನವರು ಇದಕ್ಕೆ ಬೇರೆ ದಾರಿ ಕಂಡ್ಕೊಂಡಿದ್ರು. ಬಾವಿ ಒಳಗೆ ದೆವ್ವ ಇದೆ, ಬಗ್ಗಿ ನೋಡಿದ್ರೆ ಎಳ್ಕೊಂಡು ಹೋಗ್ತದೆ ಅನ್ನೋದು, ಹೊಳೆಗುಂಡಿಲಿ ಯಾರೋ ಸತ್ತವರು ಕೂತಿದಾರೆ ಅನ್ನೋದು. ಐದು ವರ್ಷದ ಮಗುಗೆ ಇದು ಕೆಲಸ ಮಾಡ್ತದೆ, ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ಹತ್ತು ವರ್ಷಕ್ಕೆ ಅವನು ಒಂದಿನ ಬಗ್ಗಿ ನೋಡ್ತಾನೆ, ಒಳಗೆ ಎರಡು ಕಪ್ಪೆ ಬಿಟ್ರೆ ಯಾರೂ ಕಾಣೋದಿಲ್ಲ, ಅಲ್ಲಿಗೆ ದೊಡ್ಡವರು ಹೇಳಿದ ಉಳಿದ ಮಾತೆಲ್ಲ ಸುಳ್ಳೇ ಅಂತ ಆಗ್ತದೆ. ನನ್ನ ಪ್ರಕಾರ ಮಕ್ಕಳಿಗೆ ಅಪಾಯ ಯಾಕೆ ಆಗ್ತದೆ, ಅದು ಕಣ್ಣಿಗೆ ಹೇಗೆ ಕಾಣ್ತದೆ, ಅಪಾಯ ಆಗೇಬಿಟ್ರೆ ಏನು ಮಾಡ್ಬೇಕು, ಈ ಮೂರನ್ನೂ ಸರಿಯಾಗಿ ಬಿಡಿಸಿ ಹೇಳ್ಬೇಕು. ಎಂಟು ವರ್ಷದವರಿಗೂ ಇದು ಅರ್ಥ ಆಗ್ತದೆ, ನಾವು ಹೇಳೋಕೆ ಸೋಮಾರಿತನ ಮಾಡ್ತೀವಿ ಅಷ್ಟೇ.

ಮೊದಲು ಕಡಲು, ಯಾಕಂದ್ರೆ ಬಂದ ಮಕ್ಕಳು ಮೊದಲು ಕೇಳೋದೇ ಬೀಚಿಗೆ ಯಾವಾಗ ಹೋಗೋದು ಅಂತ.

ಕಡಲಲ್ಲಿ ಮುಳುಗೋರು ದೊಡ್ಡ ಅಲೆ ಬಡಿದು ಮುಳುಗ್ತಾರೆ ಅಂತ ತುಂಬಾ ಜನರ ನಂಬಿಕೆ. ಜಾಸ್ತಿ ಸಲ ಅವರನ್ನ ಒಳಗೆ ಎಳ್ಕೊಂಡು ಹೋಗೋದು ವಾಪಸ್ ಹೋಗೋ ನೀರು. ಅಲೆ ಮೇಲಿಂದ ಮೇಲೆ ದಡಕ್ಕೆ ನೀರು ತಂದು ಹಾಕ್ತಾನೇ ಇರ್ತದೆ, ಆ ನೀರು ಎಲ್ಲೋ ಒಂದು ಕಡೆಯಿಂದ ಹಿಂದೆ ಹೋಗ್ಲೇಬೇಕಲ್ಲ, ನೀರಿನ ಕೆಳಗೆ ದಡಕ್ಕೆ ಅಡ್ಡವಾಗಿ ಮರಳಿನ ದಿಬ್ಬ ಇರ್ತದೆ, ಆ ದಿಬ್ಬದಲ್ಲಿ ಎಲ್ಲಿ ಸಂದು ಸಿಗ್ತದೋ ಅಲ್ಲಿಂದ ಅಷ್ಟೂ ನೀರು ಜೋರಾಗಿ ಹೊರಟು ಹೋಗ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ತುಂಬ ನಿಂತ ನೀರು ಬದುವಿನ ಒಂದೇ ಒಂದು ಕಂಡಿಯಿಂದ ಹೇಗೆ ಭರ್ರ್ ಅಂತ ನುಗ್ತದೆ ನೋಡಿ, ಅದೇ ಇದು. ಇಂಗ್ಲಿಷಲ್ಲಿ ರಿಪ್ ಕರೆಂಟ್ ಅಂತಾರೆ, ನಮ್ಮಲ್ಲಿ ಸೆಳೆತ ಅಂತೀವಿ. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್ ತನಕ ಹೋಗ್ತದೆ, ಒಲಿಂಪಿಕ್ಸ್ ಈಜುಗಾರನೂ ಅದರ ಎದುರು ಈಜಿ ಗೆಲ್ಲೋಕಾಗಲ್ಲ.

ಇದರಲ್ಲಿ ಮೋಸ ಏನಂದ್ರೆ ಸೆಳೆತ ಇರೋ ಜಾಗ ನೋಡೋಕೆ ಶಾಂತ ಕಾಣ್ತದೆ. ಎರಡೂ ಬದಿ ಅಲೆ ಬೆಳ್ಳಗೆ ಒಡಿತಾ ಇರ್ತದೆ, ನಡುವೆ ಒಂದು ಪಟ್ಟಿ ಮಾತ್ರ ಅಲೆ ಒಡೆಯದೆ ಸ್ವಲ್ಪ ಕಪ್ಪಾಗಿ ಅಥವಾ ಮರಳು ಕದಡಿ ಕೆಂಪಾಗಿ ಇರ್ತದೆ, ನೊರೆ ಕಸ ಎಲ್ಲ ಅಲ್ಲಿಂದ ಒಳಗಡೆ ಹೋಗ್ತಿರ್ತದೆ. ಮಕ್ಕಳನ್ನ ಕರ್ಕೊಂಡು ಹೋದ ಮಂದಿ ಹೇಳೋದೇನು, "ಅಲ್ಲಿ ಅಲೆ ಕಮ್ಮಿ ಉಂಟು, ಅಲ್ಲೇ ಆಡಿ". ಅಂದ್ರೆ ಹುಡುಕಿ ಹುಡುಕಿ ಸೆಳೆತದ ಬಾಯಿಗೇ ಬಿಡ್ತಾರೆ ಮಾರಾಯ್ರೆ. ಬೀಚಿಗೆ ಹೋದ ತಕ್ಷಣ ನೀರಿಗೆ ಓಡೋದಲ್ಲ, ಸ್ವಲ್ಪ ಎತ್ತರದಲ್ಲಿ ಹತ್ತು ನಿಮಿಷ ನಿಂತು ಅಲೆ ಎಲ್ಲಿ ಒಡಿತದೆ ಎಲ್ಲಿ ಒಡಿಯೋದಿಲ್ಲ ಅಂತ ಮಕ್ಕಳ ಹತ್ರನೇ ಹುಡುಕಿಸಿ. ಅವರಿಗೆ ಇದು ಆಟದ ಹಾಗೆ, ನಮಗಿಂತ ಬೇಗ ಕಂಡುಹಿಡಿತಾರೆ.

ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ಬೇಕು ಅನ್ನೋದನ್ನೂ ನೀರಿಗೆ ಇಳಿಯೋ ಮೊದಲೇ ಹೇಳ್ಬೇಕು. ಸೆಳೆತ ಯಾರನ್ನೂ ನೀರಿನ ಅಡಿಗೆ ಎಳೆಯೋದಿಲ್ಲ, ಹೊರಗಡೆ ಒಯ್ತದೆ, ಅಲೆ ಒಡಿಯೋ ಜಾಗ ದಾಟಿದ ಮೇಲೆ ಅದರ ಶಕ್ತಿ ಬಿಡ್ತದೆ. ಮನುಷ್ಯ ಸಾಯೋದು ದಡದ ಕಡೆ ನೇರ ಈಜೋಕೆ ಹೋಗಿ ಸುಸ್ತಾಗಿ. ಹಾಗಾಗಿ ಮೊದಲು ಮಲ್ಕೊಂಡು ತೇಲೋದು, ಒಂದು ಕೈ ಎತ್ತಿ ಬೀಸೋದು, ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಆ ಪಟ್ಟಿಯಿಂದ ಹೊರಗೆ ಬಂದು ಆಮೇಲೆ ಅಲೆ ಜೊತೆ ದಡಕ್ಕೆ ಬರೋದು. ಬೆನ್ನ ಮೇಲೆ ತೇಲೋದು ಬರದಿದ್ದ ಮಗು ಮೊಣಕಾಲಿಗಿಂತ ಮೇಲೆ ನೀರಿಗೆ ಹೋಗೋದು ಬೇಡ, ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಹಾಂ, ಶಿರಸಿ ಸಿದ್ದಾಪುರ ಕಡೆ ಮಕ್ಕಳ ಬಗ್ಗೆ ಒಂದು ಮಾತು. ಅವರು ಕೆರೆಲಿ ಬಾಳೆದಿಂಡು ಕಟ್ಕೊಂಡು ಈಜು ಕಲ್ತಿರ್ತಾರೆ, ಚೆನ್ನಾಗೇ ಈಜ್ತಾರೆ, ಅದೇ ಧೈರ್ಯದಲ್ಲಿ ಪೇಟೆ ತಮ್ಮ ತಂಗಿಯರ ಎದುರು ಕಡಲಿಗೆ ಹಾರ್ತಾರೆ. ಪೇಟೆ ಮಗು ಹೆದರಿ ದಡದಲ್ಲಿ ನಿಲ್ತದೆ, ನನಗೆ ಜಾಸ್ತಿ ಹೆದರಿಕೆ ಇರೋದು ಈ ಈಜು ಬಲ್ಲ ಅಣ್ಣನ ಬಗ್ಗೆ. ನಿಂತ ನೀರಿನ ಈಜೇ ಬೇರೆ, ಹರಿಯೋ ನೀರಿನ ಈಜೇ ಬೇರೆ ಅಂತ ಅವನಿಗೆ ಮರ್ಯಾದೆಯಿಂದ ಹೇಳ್ಬೇಕು, "ನೀನು ದೊಡ್ಡವ, ಸಣ್ಣೋರನ್ನ ನೀರಿಗೆ ಇಳಿಸದೆ ನೋಡ್ಕೊಳ್ಳೋ ಜವಾಬ್ದಾರಿ ನಿಂದು" ಅಂದ್ರೆ ಅವನು ಕೇಳ್ತಾನೆ.

ಕಡಲಿನ ಇನ್ನೊಂದು ಸಂಗತಿ ಉಬ್ಬರ ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹೆಚ್ಚುಕಮ್ಮಿ ಹನ್ನೆರಡು ತಾಸು 25 ನಿಮಿಷ, ಹಾಗಾಗಿ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ. ಲೆಕ್ಕ ಹಾಕಿ, ಹೋದ ಶನಿವಾರ ಹನ್ನೊಂದು ಗಂಟೆಗೆ ಇಳಿತ ಇದ್ದಾಗ ಆರಾಮಾಗಿ ನಡ್ಕೊಂಡು ಹೋದ ಬಂಡೆಗೆ ಈ ಶನಿವಾರ ಅದೇ ಹೊತ್ತಿಗೆ ಹೋದ್ರೆ ಹತ್ತಿರ ಹತ್ತಿರ ಉಬ್ಬರ. ಅಮಾಸೆ ಹುಣ್ಣಿಮೆ ಆಸುಪಾಸಲ್ಲಿ ನೀರು ಇನ್ನೂ ಮೇಲೆ ಬರ್ತದೆ. ಅಘನಾಶಿನಿ ಹೊಳೆ ಕಡಲು ಸೇರೋ ಅಳಿವೆಲಿ ಬಳಚು ಅಂದ್ರೆ ಚಿಪ್ಪಿಮೀನು ತೆಗಿಯೋಕೆ ಹೋಗೋ ಹೆಂಗಸರಿಗೆ ಇದೆಲ್ಲ ಬಾಯಿಪಾಠ, ಅವರ ಮಕ್ಕಳಿಗೂ ಗೊತ್ತು. ಬೆಂಗಳೂರಿಂದ ಬಂದು ಗೋಕರ್ಣದ ಓಂ ಬೀಚಲ್ಲಿ ಪಾಚಿಗಟ್ಟಿದ ಬಂಡೆ ಹತ್ತಿ ಫೋಟೋ ತೆಗ್ಸಿಕೊಳ್ಳೋ ಮಕ್ಕಳಿಗೆ ಗೊತ್ತಿರಲ್ಲ. ಒದ್ದೆ ಕಾಣೋ ಬಂಡೆ ಅಂದ್ರೆ ಅಲೆ ಅಲ್ಲಿವರೆಗೆ ಬಂದು ಹೋಗಿದೆ ಅಂತ ಅರ್ಥ, ಅದರ ಮೇಲೆ ನಿಲ್ಲೋದಿಲ್ಲ, ಇಷ್ಟು ಹೇಳಿದ್ರೆ ಸಾಕು.

ಇನ್ನೂ ಒಂದುಂಟು, ಏಪ್ರಿಲ್ ಮೇ ತಿಂಗಳಲ್ಲಿ ಕೆಲವು ಸಲ ಇಲ್ಲಿ ಗಾಳಿ ಇರಲ್ಲ ಮಳೆ ಇರಲ್ಲ, ಆಕಾಶ ನೀಲಿ, ಆದ್ರೂ ಕಡಲು ಏಕಾಏಕಿ ಉಕ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಬಂದು ಇಲ್ಲಿ ಬಡಿಯೋದು ಅದು. ಹೈದರಾಬಾದಲ್ಲಿರೋ ಇನ್‌ಕಾಯ್ಸ್ ಅನ್ನೋ ಕಡಲಿನ ಮುನ್ಸೂಚನೆ ಕೊಡೋ ಸರ್ಕಾರಿ ಸಂಸ್ಥೆ ಇದಕ್ಕೆ ಮುಂಚೆನೇ ಅಲರ್ಟ್ ಕೊಡ್ತದೆ, ಪೇಪರಲ್ಲಿ ಮೂಲೆಲಿ ಬರ್ತದೆ, ಬೀಚಿಗೆ ಹೊರಡೋ ಮುಂಚೆ ನೋಡಿ. ಜೂನ್ ಒಂದರಿಂದ ಜುಲೈ ಕೊನೆವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೇ ಮೀನುಗಾರಿಕೆ ನಿಷೇಧ ಇರ್ತದೆ. ಅದು ಮೀನು ಮರಿ ಹಾಕೋ ಕಾಲ ಅಂತ ಮಾಡಿದ್ದು ಹೌದು, ಆದ್ರೆ ಆಗಿನ ಕಡಲಿಗೆ ಇಳಿಯೋ ಧೈರ್ಯ ಮೀನುಗಾರರೇ ಮಾಡಲ್ಲ, ಡಿಸಿ ಮಳೆ ರಜೆ ಕೊಟ್ರು ಅಂತ ಮಕ್ಕಳನ್ನ ಕಾರಲ್ಲಿ ತುಂಬ್ಕೊಂಡು ಅಲೆ ತೋರ್ಸೋಕೆ ಹೋಗೋರಿಗೆ ಏನು ಹೇಳೋದು. ಆ ರಜೆ ಕೊಟ್ಟಿದ್ದೇ ಮಕ್ಕಳು ಮನೇಲಿರ್ಲಿ ಅಂತ.

ಕಾರವಾರ, ಗೋಕರ್ಣ, ಮುರುಡೇಶ್ವರದ ಮುಖ್ಯ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರ್ತಾರೆ, 2020ರಲ್ಲಿ ಸ್ವಚ್ಛ ಸುರಕ್ಷಿತ ಬೀಚಿಗೆ ಕೊಡೋ ಬ್ಲೂ ಫ್ಲಾಗ್ ಮನ್ನಣೆ ಸಿಕ್ಕ ಹೊನ್ನಾವರದ ಕಾಸರಕೋಡಲ್ಲೂ ಇದ್ದಾರೆ. ಕೆಂಪು ಬಾವುಟ ಅಂದ್ರೆ ಇಳಿಬೇಡಿ, ಕೆಂಪು ಹಳದಿ ಬಾವುಟ ಎರಡು ನೆಟ್ಟಿದ್ರೆ ಅದರ ನಡುವೆ ಮಾತ್ರ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ಅವರ ಜೊತೆ ಜಗಳ ಮಾಡೋ ಅಪ್ಪಂದಿರನ್ನ ನಾನು ನೋಡಿದೀನಿ, "ನಾವು ಇದೇ ಊರಿನವರು" ಅಂತ ಬೇರೆ. ಪಕ್ಕದಲ್ಲಿ ಮಗ ನಿಂತು ನೋಡ್ತಿರ್ತಾನೆ, ಅವನು ಏನು ಕಲ್ತ ಅಂತ ಬಿಡಿಸಿ ಹೇಳ್ಬೇಕಾ.

ಈಗ ಮುಖ್ಯ ವಿಷಯ, ಮುಳುಗ್ತಾ ಇರೋ ಮಗು ಹೇಗೆ ಕಾಣ್ತದೆ. ಸಿನಿಮಾದಲ್ಲಿ ಕೈ ಬೀಸಿ "ಕಾಪಾಡಿ" ಅಂತ ಕಿರುಚ್ತಾರೆ. ನಿಜವಾಗಿ ಮುಳುಗೋ ಮಗು ಕಿರುಚಲ್ಲ, ಕಿರುಚೋಕೆ ಉಸಿರು ಬೇಕಲ್ಲ, ಬಾಯಿ ನೀರಿಂದ ಮೇಲೆ ಬಂದ ಆ ಒಂದು ಕ್ಷಣದಲ್ಲಿ ಉಸಿರು ಎಳ್ಕೊಳ್ಳೋಕೇ ಸಮಯ ಸಾಲಲ್ಲ. ಕೈಯೂ ಮೇಲೆ ಬೀಸೋಕಾಗಲ್ಲ, ತನ್ನಿಂತಾನೇ ಎರಡೂ ಬದಿಗೆ ನೀರನ್ನ ಒತ್ತುತಿರ್ತದೆ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ, ಮೈ ನೆಟ್ಟಗೆ, ಕಾಲು ಆಡ್ತಿಲ್ಲ, ಕೂದಲು ಕಣ್ಣ ಮೇಲೆ ಬಿದ್ರೂ ಸರಿಸ್ತಿಲ್ಲ. ದಡದಲ್ಲಿ ಕೂತೋರಿಗೆ ಆಡ್ತಾ ಇದೆ ಅನ್ನಿಸ್ತದೆ. ಇದು 20ರಿಂದ 60 ಸೆಕೆಂಡಿನ ವ್ಯವಹಾರ, ಆಮೇಲೆ ಮಗು ಕೆಳಗೆ. ಗಲಾಟೆ ಮಾಡ್ತಿದ್ದ ಮಕ್ಕಳಲ್ಲಿ ಒಬ್ಬನ ಸದ್ದು ನಿಂತ್ರೆ ತಕ್ಷಣ ನೋಡಿ, "ಏನೋ, ಸರಿ ಇದಿಯೇನೋ?" ಅಂತ ಕೂಗಿ, ಉತ್ತರ ಬರದಿದ್ರೆ ಓಡಿ.

ಅದಕ್ಕೇ ಮನೆಮಂದಿ ಎಲ್ಲ ಸೇರಿ ಹೊಳೆಗೆ ಪಿಕ್ನಿಕ್ ಹೋದಾಗಲೇ ಅನಾಹುತ ಆಗೋದು. ಎಂಟು ಜನ ದೊಡ್ಡವರು ಇದಾರೆ, ಅತ್ತೆ ನೋಡ್ತಿದಾರೆ ಅಂತ ಮಾವ, ಮಾವ ನೋಡ್ತಿದಾರೆ ಅಂತ ಚಿಕ್ಕಪ್ಪ, ಅತ್ತೆ ಅವಲಕ್ಕಿ ಕಲಸ್ತಾ ಇದಾರೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ವಿದ್ಯಾರ್ಥಿನಿಯರು ಕಡಲು ಪಾಲಾದ್ರಲ್ಲ, ಅದೇನು ಜನ ಇಲ್ಲದ ಜಾಗ ಅಲ್ಲ. ಪರಿಹಾರ ಸಿಂಪಲ್, ಒಬ್ಬರ ಹೆಸರು ಹೇಳಿ ಕೆಲಸ ವಹಿಸ್ಬೇಕು. "ಈಗ ಇಪ್ಪತ್ತು ನಿಮಿಷ ಚಿಕ್ಕಪ್ಪ ಮಾತ್ರ ನೋಡೋದು", ಆ ಹೊತ್ತಲ್ಲಿ ಅವರಿಗೆ ಮೊಬೈಲಿಲ್ಲ, ಇಸ್ಪೀಟಿಲ್ಲ, ಚಾ ಇಲ್ಲ. ಆಮೇಲೆ ಬೇರೆಯವರ ಪಾಳಿ. ಎಣ್ಣೆ ಹಾಕಿದವರಿಗೆ ಪಾಳಿ ಕೊಡೋ ಪ್ರಶ್ನೆನೇ ಇಲ್ಲ.

ಮಕ್ಕಳಿಗೆ ಕಲಿಸ್ಬೇಕಾದ್ದು ಏನಂದ್ರೆ, ಗೆಳೆಯ ಮುಳುಗ್ತಿದ್ರೆ ನೀನು ಹಾರ್ಬೇಡ. ಇದು ಕೇಳೋಕೆ ಕ್ರೂರ ಅನ್ನಿಸ್ತದೆ, ಆದ್ರೆ ಪೇಪರಲ್ಲಿ ಅಣ್ಣ ತಮ್ಮ ಇಬ್ಬರೂ, ಮೂವರು ಗೆಳೆಯರೂ ಅಂತ ಬರೋ ಸುದ್ದಿ ಹಿಂದೆ ಇರೋದು ಇದೇ. ಮುಳುಗೋನು ಸಿಕ್ಕಿದ್ದನ್ನ ತಬ್ಬಿ ಹತ್ತೋಕೆ ನೋಡ್ತಾನೆ, ಅದು ಅವನ ಕೈಲಿಲ್ಲ. ಹಾರೋ ಬದಲು ಕೂಗು, ಉದ್ದದ್ದು ಏನಾದ್ರೂ ಚಾಚು, ತೇಲೋದು ಏನಾದ್ರೂ ಎಸಿ. ಹಣ್ಣು ಕೊಯ್ಯೋ ಉದ್ದ ದೋಟಿ, ಬಿದಿರು ಗಳ, ಸೀರೆ, ಹಗ್ಗ, ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಎಣ್ಣೆ ಕ್ಯಾನು, ಎಲ್ಲ ನಡಿತದೆ. ಚಾಚೋವಾಗ ದಡದಲ್ಲಿ ಹೊಟ್ಟೆ ಮೇಲೆ ಮಲ್ಕೊಂಡು ಚಾಚ್ಬೇಕು, ನಿಂತ್ರೆ ಅವನು ನಿನ್ನನ್ನೂ ಎಳಿತಾನೆ. ಇದನ್ನ ಅಂಗಳದಲ್ಲೇ ಆಡಿಸಿ, ಒಬ್ಬ ಅಂಗಳದ ಆಚೆ ಮುಳುಗೋ ನಾಟಕ ಮಾಡ್ಲಿ, ಇನ್ನೊಬ್ಬ ಹಗ್ಗ ಕಟ್ಟಿದ ಕ್ಯಾನು ಎಸಿಲಿ. ಮೊದಲ ಸಲ ಎಸೆದಾಗ ಹಗ್ಗದ ತುದಿ ಹಿಡ್ಕೊಳ್ಳೋದೇ ಮರೆತಿರ್ತಾರೆ, ನಗಾಡ್ತಾ ಕಲಿತಾರೆ.

ನೀರಿಂದ ತೆಗೆದ ಮೇಲೆ ದೊಡ್ಡವರು ಮಾಡೋ ತಪ್ಪೂ ಉಂಟು. ಕಾಲು ಹಿಡಿದು ತಲೆಕೆಳಗೆ ಮಾಡೋದು, ಹೊಟ್ಟೆ ಒತ್ತಿ ನೀರು ತೆಗಿಯೋದು. ಬೇಡ. ಹೊಟ್ಟೆ ಒತ್ತಿದ್ರೆ ಅನ್ನ ನೀರು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಹೋಗ್ತದೆ. ಮುಳುಗಿದ ಮಗುಗೆ ಬೇಕಾಗಿರೋದು ಗಾಳಿ. ಉಸಿರಿಲ್ಲ ಅಂದ್ರೆ ಅಂಗಾತ ಮಲಗ್ಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಊದಿ, ಎದೆ ಏಳೋದು ಕಾಣ್ಬೇಕು. ಆಮೇಲೂ ಅಲುಗಾಟ ಉಸಿರು ಇಲ್ಲ ಅಂದ್ರೆ ಎದೆ ನಡುವೆ 30 ಸಲ ಒತ್ತೋದು, ಎರಡು ಸಲ ಊದೋದು, ನಿಮಿಷಕ್ಕೆ 100ರಿಂದ 120ರ ವೇಗ, ಎದೆ ದಪ್ಪದ ಮೂರರಲ್ಲಿ ಒಂದು ಭಾಗ ಕೆಳಗೆ ಹೋಗ್ಬೇಕು. ಇನ್ನೊಬ್ಬರು ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡ್ತಿರ್ಲಿ. ಮಗು ಕೆಮ್ಮಿ ಎದ್ದು ಕೂತು "ಏನಾಗಿಲ್ಲ" ಅಂದ್ರೂ ಆಸ್ಪತ್ರೆಗೆ ತೋರ್ಸಿ, ಶ್ವಾಸಕೋಶಕ್ಕೆ ನೀರು ಹೋಗಿದ್ರೆ ತೊಂದರೆ ಕೆಲವು ತಾಸು ಬಿಟ್ಟು ಕಾಣ್ಸೋದುಂಟು.

ಘಟ್ಟದ ಮೇಲಿನ ನೀರಿಗೆ ಬೇರೆ ಗುಣ. ಹೊಳೆಲಿ ಮರಳು ತೆಗೆದ ಜಾಗದಲ್ಲಿ ಮೊಣಕಾಲ ನೀರು ಒಂದು ಹೆಜ್ಜೆ ಮುಂದೆ ತಲೆ ಮೇಲೆ ಹೋಗ್ತದೆ. ಮೇಲಿನ ಕಾಡಲ್ಲಿ ಮಳೆ ಬಿದ್ರೆ ಕೆಳಗೆ ಬಿಸಿಲಿದ್ದಾಗಲೇ ನೀರು ಏರ್ತದೆ, ಸಹಸ್ರಲಿಂಗದ ಹತ್ರ ಶಾಲ್ಮಲಾ ಹೊಳೆಲಿ ಬಂಡೆ ಮೇಲೆ ಆಡೋ ಮಕ್ಕಳಿಗೆ ಇದು ಹೇಳಿಕೊಡಿ, ತಿಳಿನೀರು ಕೆಂಪಾಯ್ತು, ಎಲೆ ಕಡ್ಡಿ ತೇಲಿ ಬರೋಕೆ ಶುರುವಾಯ್ತು, ಸದ್ದು ಬದಲಾಯ್ತು ಅಂದ್ರೆ ಚಪ್ಪಲಿ ಹುಡುಕದೆ ಮೇಲೆ ಬರೋದು. ಕಾಳಿ ಶರಾವತಿಲಿ ಕದ್ರಾ, ಗೇರುಸೊಪ್ಪೆ ಡ್ಯಾಮಿನ ಕೆಳಗೆ ಮಳೆನೇ ಬೇಡ, ಕರೆಂಟ್ ಉತ್ಪಾದನೆಗೆ ನೀರು ಬಿಟ್ರೆ ಸಾಕು.

ಆದ್ರೆ ನನಗೆ ಹೊಳೆಗಿಂತ ಹೆದರಿಕೆ ಕೃಷಿ ಹೊಂಡದ್ದು. ಬೇಸಿಗೆಲಿ ತೋಟಕ್ಕೆ ನೀರಿರ್ಲಿ ಅಂತ ಗುಂಡಿ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ, ಅದರ ಮೇಲೆ ಪಾಚಿ. ಇಳಿಜಾರು ಸಣ್ಣದು ಕಾಣ್ತದೆ, ಬಿದ್ದ ಮೇಲೆ ಕೈಗೆ ಹಿಡಿಯೋಕೆ ಏನೂ ಸಿಗಲ್ಲ, ಈಜು ಬಂದವನೂ ಜಾರಿ ಜಾರಿ ಸುಸ್ತಾಗ್ತಾನೆ. ಬೇಲಿ ಹಾಕೋದು ಒಳ್ಳೇದು, ಅದಾಗಲಿಲ್ಲ ಅಂದ್ರೆ ಇವತ್ತೇ ನಾಲ್ಕೂ ಮೂಲೆಲಿ ಗಟ್ಟಿ ಗೂಟಕ್ಕೆ ಗಂಟು ಗಂಟು ಹಾಕಿದ ಹಗ್ಗ ಕಟ್ಟಿ ನೀರೊಳಗೆ ಬಿಡಿ, ನೂರಿನ್ನೂರು ರೂಪಾಯಿ ಕೆಲಸ. ಚಿರೆಕಲ್ಲು ತೆಗೆದ ಕ್ವಾರಿ ಹೊಂಡನೂ ಹಾಗೇ, ಗೋಡೆ ಹಾಗೆ ನೆಟ್ಟಗೆ ಇರ್ತದೆ, ಮಳೆ ನೀರು ತುಂಬಿ ಸ್ವಿಮ್ಮಿಂಗ್ ಪೂಲ್ ಥರ ಚೆಂದ ಕಾಣ್ತದೆ.

ನೀರಿನ ಕಥೆ ಜಾಸ್ತಿ ಆಯ್ತು, ಆದ್ರೆ ನಮ್ಮ ಜಿಲ್ಲೆಲಿ ಅದೇ ಜಾಸ್ತಿ.

ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಗಾಳಿ ಬಂದ ತಕ್ಷಣ ಮಕ್ಕಳು ಚೀಲ ಹಿಡ್ಕೊಂಡು ಮಾವಿನ ಮರದ ಅಡಿಗೆ ಓಡ್ತಾರೆ, ಬಿದ್ದ ಹಣ್ಣು ಹೆಕ್ಕೋಕೆ. ಆ ಹೊತ್ತಿಗೆ ಬಯಲಲ್ಲಿ ಒಂಟಿ ಮರದ ಕೆಳಗೆ ಇರೋದು ಅಂದ್ರೆ ಸಿಡಿಲಿಗೆ ಕರೆದಂತೆ. ಎಣಿಸೋದು ಕಲಿಸಿ, ಮಿಂಚು ಕಂಡ ಕೂಡಲೆ ಒಂದು ಎರಡು ಅಂತ ಗುಡುಗು ಕೇಳೋವರೆಗೆ. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡ್ ಬೇಕು, 30 ಎಣಿಸೋದ್ರೊಳಗೆ ಗುಡುಗು ಬಂತು ಅಂದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನದು ನಮ್ಮ ತಲೆ ಮೇಲೇ ಬೀಳ್ಬಹುದು. ಆಗ ಮನೆ ಒಳಗೆ, ಇಲ್ಲಾಂದ್ರೆ ಕಾರೊಳಗೆ, ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ಹೊರಗಿಲ್ಲ. ಹಣ್ಣು ಎಲ್ಲೂ ಓಡಿ ಹೋಗಲ್ಲ. ಸಿಡಿಲು ಬಡಿದವರನ್ನ ಮುಟ್ಟಿದ್ರೆ ಶಾಕ್ ಹೊಡಿತದೆ ಅನ್ನೋದು ತಪ್ಪು, ಮೈಯಲ್ಲಿ ಕರೆಂಟ್ ಉಳಿಯಲ್ಲ, ತಕ್ಷಣ ಮುಟ್ಟಿ ಉಪಚಾರ ಮಾಡಿ. ಕರೆಂಟ್ ಅಂದಾಗ ನೆನಪಾಯ್ತು, ಅಡಿಕೆ ಕೊಯ್ಯೋ ಫೈಬರ್ ದೋಟಿಲಿ, ಅಲ್ಯೂಮಿನಿಯಂ ದೋಟಿಲಿ ಮಕ್ಕಳು ಹಣ್ಣು ಕೊಯ್ಯೋಕೆ ಹೋಗ್ತಾರೆ, ಮೇಲೆ ಲೈನ್ ಇರ್ತದೆ. ಕಾರ್ಬನ್ ಫೈಬರಲ್ಲೂ ಕರೆಂಟ್ ಹರಿತದೆ, ಅದು ಲೋಹ ಅಲ್ಲ ಅಂತ ಧೈರ್ಯ ಬೇಡ. ಗೇರುಬೀಜ ಸುಡೋ ಹುಚ್ಚಿಗೂ ಒಬ್ಬ ದೊಡ್ಡವರು ಹತ್ರ ಇರ್ಲಿ, ಸಿಪ್ಪೆಯ ಎಣ್ಣೆ ಸಿಡಿದು ಕಣ್ಣಿಗೆ ಬಿದ್ರೆ ಕಷ್ಟ. ಮತ್ತೆ ಮಳೆಗಾಲಕ್ಕೆ ಅಂತ ತಂದಿಟ್ಟ ಮೈಲುತುತ್ತ, ಕಳೆ ಔಷಧಿನ ದಯವಿಟ್ಟು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದಿಡ್ಬೇಡಿ.

ಇನ್ನು ಕಚ್ಚೋ ಪ್ರಾಣಿಗಳು. ಇಲ್ಲಿ ಸಮಸ್ಯೆ ಕಚ್ಚಿದ್ದಕ್ಕಿಂತ ಕಚ್ಚಿದ್ದನ್ನ ಹೇಳದೆ ಇರೋದು. ಪಕ್ಕದ ಮನೆ ತೋಟಕ್ಕೆ ಕೌಳಿ ಹಣ್ಣು ಕದಿಯೋಕೆ ಹೋದಾಗ ನಾಯಿ ಪರಚ್ತು ಅಂತಿಟ್ಕೊಳ್ಳಿ, ಹೇಳಿದ್ರೆ ಮೊದಲು ಬೈಗುಳ ಆಮೇಲೆ ಇಂಜೆಕ್ಷನ್, ಯಾವ ಮಗು ಹೇಳ್ತದೆ? ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಉಳಿಸೋಕೆ ಆಗೋದೇ ಇಲ್ಲ ಅನ್ಬಹುದು, ಆದ್ರೆ ಕಚ್ಚಿದ ಕೂಡಲೆ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋದ್ರೆ ತಡೆಯೋಕಾಗ್ತದೆ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ಹಚ್ಚೋದು ಬೇಡ. ರಜೆ ಮೊದಲ ದಿನವೇ ಮಕ್ಕಳನ್ನ ಕೂರ್ಸಿಕೊಂಡು, "ಏನೇ ಮಾಡೋವಾಗ ಆಗಿರ್ಲಿ, ನಾಯಿ ಬೆಕ್ಕು ಮಂಗ ಹಾವು ಕಚ್ಚಿದ್ರೆ ಪರಚಿದ್ರೆ ಬಂದು ಹೇಳಿ, ಆ ದಿನ ಯಾರೂ ಬೈಯಲ್ಲ" ಅಂತ ಅಜ್ಜನ ಬಾಯಲ್ಲೇ ಹೇಳ್ಸಿ. ಹೇಳಿದ ಮೇಲೆ ಆ ಮಾತು ಉಳಿಸ್ಕೊಳ್ಳಿ.

ಹಾವು ಕಚ್ಚಿದ್ರೆ ಕಟ್ಟೋದು, ಕೊಯ್ಯೋದು, ಬಾಯಲ್ಲಿ ಹೀರೋದು, ನಾಟಿ ಔಷಧಿಗೆ ಅಂತ ಊರೂರು ಸುತ್ತೋದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲಾಗಿ ಸುತ್ತಿ, ಮಗುನ ಓಡ್ಸದೆ ಎತ್ಕೊಂಡು, ಆಂಟಿವೆನಮ್ ಇರೋ ಆಸ್ಪತ್ರೆಗೆ ನೇರ ಹೋಗೋದು. ಯಾವ ಆಸ್ಪತ್ರೆಲಿ ಇದೆ ಅಂತ ಮೊದಲೇ ಫೋನ್ ಮಾಡಿ ತಿಳ್ಕೊಂಡಿರಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಕೇಸ್ ಬಂದ್ರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು, ಅಷ್ಟು ಗಂಭೀರ ವಿಷಯ. ಕಟ್ಟು ಹಾವಿನ ಕಡಿತದಲ್ಲಿ ನೋವು ಊತ ಹೆಚ್ಚು ಇರಲ್ಲ, ರಾತ್ರಿ ನೆಲದ ಮೇಲೆ ಮಲಗಿದ ಮಗು ಬೆಳಗ್ಗೆ ಹೊಟ್ಟೆನೋವು ಅಂದು, ಕಣ್ಣು ರೆಪ್ಪೆ ಜೋತು ಬಿದ್ರೆ ಗಾಯ ಕಾಣದಿದ್ರೂ ಅನುಮಾನ ಪಡಿ. ರಜೆಲಿ ಹತ್ತು ಮಕ್ಕಳು ಸಾಲಾಗಿ ನೆಲದಲ್ಲಿ ಮಲಗೋದು ಚೆಂದ, ಸೊಳ್ಳೆಪರದೆ ಕಟ್ಟಿ ಅಂಚು ಹಾಸಿಗೆ ಕೆಳಗೆ ಸಿಗಿಸಿದ್ರೆ ಸೊಳ್ಳೆಗೂ ಆಯ್ತು, ಹಾವಿಗೂ ಆಯ್ತು.

ಸಿದ್ದಾಪುರ, ಹೊನ್ನಾವರ, ಕುಮಟಾ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಇನ್ನೊಂದು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಲ್ಲಿ ಮೊದಲು ಪತ್ತೆ ಆಗಿದ್ದು, ಹರಡೋದು ಉಣುಗು ಅಂದ್ರೆ ಉಣ್ಣೆ ಹುಳದಿಂದ, ಡಿಸೆಂಬರಿಂದ ಮೇ ತನಕ ಜೋರು, ಅಂದ್ರೆ ಬೇಸಿಗೆ ರಜೆ ಪೂರ್ತಿ ಅದರೊಳಗೇ ಬಂತು. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ದೊಡ್ಡವರಿಗೆ ಹೇಳೋದು, ಕಾಡಿಗೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಹಚ್ಚೋದು, ಬಂದ ಮೇಲೆ ಬಿಸಿನೀರು ಸ್ನಾನ. ಊರಿಗೆ ವಾಪಸ್ ಹೋದ ಮೇಲೆ ಜ್ವರ ಬಂದ್ರೆ ಬೆಂಗಳೂರು ಡಾಕ್ಟರಿಗೆ "ರಜೆಗೆ ಇಂಥ ಊರಿಗೆ ಹೋಗಿದ್ವಿ" ಅಂತ ಹೇಳೋದು ಮರಿಬೇಡಿ, ಅವರು ಕೇಳದೆ ಇರ್ಬಹುದು.

ಈಗ ಯಾರೂ ಮಾತಾಡದ ವಿಷಯ. ರಜೆ ಅಂದ್ರೆ ಮದುವೆ ಮುಂಜಿ ಕಾಲ, ಮನೆ ತುಂಬ ನೆಂಟರು, ಯಾರು ಎಲ್ಲಿ ಮಲಗಿದಾರೆ ಗೊತ್ತಿಲ್ಲ. ಮಕ್ಕಳಿಗೆ ಅಪರಿಚಿತರ ಹತ್ರ ಚಾಕಲೇಟ್ ತಗೋಬೇಡ ಅಂತ ಹೇಳ್ತೀವಿ, ಆದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರದಿ ವರ್ಷ ವರ್ಷವೂ ಹೇಳೋದು ಏನಂದ್ರೆ ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆಯ, ಅತ್ಯಾಚಾರ ಕೇಸಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಆರೋಪಿ ಮಗುಗೆ ಗೊತ್ತಿರೋನೇ. ಹಾಗಾಗಿ ನಿಯಮ ಮನುಷ್ಯನ ಮೇಲೆ ಅಲ್ಲ, ನಡವಳಿಕೆ ಮೇಲೆ ಇರ್ಬೇಕು. ಚಡ್ಡಿ ಬನಿಯನ್ ಮುಚ್ಚೋ ಜಾಗ ಯಾರೂ ಮುಟ್ಟೋದಿಲ್ಲ, ನೋಡೋದಿಲ್ಲ, ಫೋಟೋ ತೆಗಿಯೋದಿಲ್ಲ, ತಮ್ಮದನ್ನೂ ಮುಟ್ಟು ಅನ್ನೋದಿಲ್ಲ, ಡಾಕ್ಟರ್ ನೋಡೋದಿದ್ರೂ ಅಮ್ಮ ಪಕ್ಕದಲ್ಲಿ. ಯಾರಾದ್ರೂ "ಇದು ನಮ್ಮಿಬ್ಬರ ಗುಟ್ಟು, ಆಯಿಗೆ ಹೇಳ್ಬೇಡ" ಅಂದ್ರೆ ಅದನ್ನೇ ಬಂದು ಮೊದಲು ಹೇಳ್ಬೇಕು. ದೇಹದ ಭಾಗಗಳಿಗೆ ಸರಿಯಾದ ಹೆಸರು ಕಲಿಸಿ, ನಾಚಿಕೆ ಬೇಡ, ಹೆಸರು ಗೊತ್ತಿಲ್ಲದ್ದನ್ನ ಮಗು ಹೇಳೋದು ಹೇಗೆ. ಗಂಡು ಹುಡುಗರಿಗೂ ಇದೇ ಪಾಠ.

ಮತ್ತೆ "ಮಾವನಿಗೊಂದು ಮುತ್ತು ಕೊಡು, ಕೊಡಲ್ವಾ, ಎಷ್ಟು ಸೊಕ್ಕು ನೋಡು" ಅಂತ ಒತ್ತಾಯ ಮಾಡೋದು ಬಿಡಿ. ಮಗು ಬೇಡ ಅಂದಾಗ ನಾವೇ ನಗಾಡಿ ದೂಡಿದ್ರೆ, ಬೇಡ ಅನ್ನೋಕೆ ನನಗೆ ಹಕ್ಕಿಲ್ಲ ಅಂತ ಅದು ಕಲಿತದೆ. ನಮಸ್ಕಾರ ಮಾಡಿದ್ರೆ ಮರ್ಯಾದೆ ಕೊಟ್ಟಂಗಾಯ್ತಲ್ಲ.

ಮಗು ಏನಾದ್ರೂ ಹೇಳಿದ್ರೆ ನಂಬಿ. "ಅವರು ಹಾಗೆ ಮಾಡೋರಲ್ಲ" ಅಂತ ಮೊದಲ ಮಾತೇ ಬಂದ್ರೆ ಎರಡನೇ ಸಲ ಅದು ಬಾಯಿ ಬಿಡಲ್ಲ. ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ ಅನ್ನಿ, ಪದೇ ಪದೇ ಕೆದಕಿ ಕೇಳ್ಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಾದ ಯಾರೇ ಆದ್ರೂ ಪೊಲೀಸರಿಗೆ ತಿಳಿಸ್ಲೇಬೇಕು, ಮನೆತನದ ಮರ್ಯಾದೆ ಅಂತ ಮುಚ್ಚಿಟ್ರೆ ಅದೂ ಅಪರಾಧ. ತುಂಬಾ ಜನ ಹೆದರೋದು ಮಗುನ ಸ್ಟೇಷನ್ನಿಗೆ ಎಳೆದಾಡ್ತಾರೆ ಅಂತ, ಕಾಯ್ದೆ ಹಾಗೆ ಹೇಳಲ್ಲ, ಹೇಳಿಕೆ ತಗೊಳ್ಳೋದು ಮಗು ಮನೇಲಿ ಅಥವಾ ಅದಕ್ಕೆ ಬೇಕಾದ ಜಾಗದಲ್ಲಿ, ಸಾಧ್ಯ ಆದಷ್ಟು ಮಹಿಳಾ ಅಧಿಕಾರಿ, ಯೂನಿಫಾರ್ಮ್ ಹಾಕಿರಬಾರ್ದು, ಹೆಸರು ಫೋಟೋ ಹೊರಗೆ ಬರಬಾರ್ದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುನೇ ಫೋನ್ ಮಾಡ್ಬಹುದು, ಹಗಲು ರಾತ್ರಿ.

ಜಾತ್ರೆ, ಅಂಕೋಲೆ ಬಂಡಿಹಬ್ಬ, ಇಂಥ ಗದ್ದಲಕ್ಕೆ ಹೋಗೋವಾಗ ಹೊರಡೋ ಮುಂಚೆ ಮಗುದೊಂದು ಫೋಟೋ ತೆಗಿರಿ, ಯಾವ ಬಣ್ಣದ ಅಂಗಿ ಅಂತ ಗಾಬರಿಲಿ ನೆನಪಾಗಲ್ಲ. ಕೈ ಮೇಲೆ ಪೆನ್ನಲ್ಲಿ ಫೋನ್ ನಂಬರ್ ಬರಿರಿ. ತಪ್ಪಿಸ್ಕೊಂಡ್ರೆ ಹುಡುಕ್ತಾ ಅಲೆಯೋದು ಬೇಡ, ಅಲ್ಲೇ ನಿಲ್ಲು, ಪೊಲೀಸ್ ಅಥವಾ ಮಗು ಎತ್ಕೊಂಡ ಹೆಂಗಸು ಅಥವಾ ಅಂಗಡಿ ಗಲ್ಲೆ ಮೇಲೆ ಕೂತವರ ಹತ್ರ ಹೇಳು.

ಸ್ಕೂಟಿ ವಿಷಯ ಉದ್ದ ಎಳೆಯೋದಿಲ್ಲ. ಹಳ್ಳಿ ರಸ್ತೆ ಯಾರೂ ಹಿಡಿಯಲ್ಲ ಅಂತ ಹದಿನಾಲ್ಕರ ಹುಡುಗನಿಗೆ ಕೀ ಕೊಡೋ ದೊಡ್ಡಪ್ಪಂದಿರಿಗೆ ಗೊತ್ತಿರ್ಲಿ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ ಗಾಡಿ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು, ಹುಡುಗನಿಗೆ 25 ಆಗೋ ತನಕ ಲೈಸೆನ್ಸ್ ಇಲ್ಲ. ಆ ಹಳ್ಳಿ ರಸ್ತೆ ಕೊನೆಗೆ ಸೇರೋದು ನಾಲ್ಕು ಪಥದ ಹೆದ್ದಾರಿಗೇ.

ಕೊನೆಗೆ ಫೋನು. ಯಾವ ತುರ್ತಿಗೂ 112, ಜೊತೆಗೆ 108, 1098, ಈ ಮೂರು ನಂಬರ್ ಅಡುಗೆಮನೆ ಬಾಗಿಲ ಹತ್ರ ದೊಡ್ಡದಾಗಿ ಬರೆದು ಅಂಟ್ಸಿ. ಆದ್ರೆ ನಮ್ಮ ಕಡೆ ನಂಬರ್ ಗೊತ್ತಿದ್ರೆ ಸಾಲಲ್ಲ, ಶಿರಸಿ ಸಿದ್ದಾಪುರದ ತೋಟದ ಮನೆಗಳಿಗೆ ಆಂಬುಲೆನ್ಸಿನವರಿಗೆ ದಾರಿ ಹೇಳೋದೇ ದೊಡ್ಡ ಕೆಲಸ, ಮ್ಯಾಪಲ್ಲಿ ಹಾಕಿದ್ರೆ ಗುಡ್ಡದ ಆ ಕಡೆ ತೋರಿಸ್ತದೆ. ಬಂದ ಮಗುಗೆ ಊರಿನ ಹೆಸರು, ಅಜ್ಜನ ಪೂರ್ತಿ ಹೆಸರು, ಟಾರ್ ರಸ್ತೆ ಬಿಟ್ಟು ಯಾವ ಶಾಲೆ ಅಥವಾ ದೇವಸ್ಥಾನದ ಹತ್ರ ಯಾವ ಕಡೆ ತಿರುಗ್ಬೇಕು ಅಂತ ಬಾಯಿಪಾಠ ಮಾಡ್ಸಿ, ಒಂದ್ಸಲ ನಡೆಸಿಕೊಂಡೂ ಹೋಗಿ. ನೆಟ್‌ವರ್ಕ್ ಎಲ್ಲಿ ಸಿಗ್ತದೆ, ಅಂಗಳದ ಯಾವ ಮೂಲೆ, ಗುಡ್ಡದ ಯಾವ ಕಲ್ಲು, ಅದೂ ತೋರ್ಸಿ. ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ರೂ ಬೇರೆ ಕಂಪನಿ ಟವರ್ ಹತ್ರ ಇದ್ರೆ 112 ಹೋಗ್ತದೆ, ಫೋನ್ ಲಾಕ್ ಆಗಿದ್ರೂ ಎಮರ್ಜೆನ್ಸಿ ಒತ್ತಿ ಮಾಡ್ಬಹುದು, ಅದನ್ನ ನಿಮ್ಮ ಫೋನಲ್ಲಿ ಎಲ್ಲಿ ಒತ್ತೋದು ಅಂತ ಮಗುಗೆ ತೋರಿಸಿ, ಕಾಲ್ ಮಾತ್ರ ಮಾಡ್ಬೇಡಿ.